ಮಹಾಮನೆಯ ಅನ್ನದ ಲೆಕ್ಕ

ಬಸವೇಶ್ವರನಗರ ಅಂದ್ರೆ ನಮಗೆ ಮೊದಲು ನೆನಪಾಗೋದು ಟ್ರಾಫಿಕ್ಕು. ಆಮೇಲೆ ಹಾವನೂರು ಸರ್ಕಲ್ಲು, ದೋಸೆ, ಬಸ್ಸಿನ ಬೋರ್ಡು. ಆ ಬೋರ್ಡಿನ ಮೇಲಿರೋ ಹೆಸರಿನ ಹಿಂದೆ ಒಬ್ಬ ಮನುಷ್ಯರ ಬದುಕಿದೆ ಅನ್ನೋದು ನಮ್ಮ ತಲೆಗೆ ಬಂದೇ ಇರಲಿಲ್ಲ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡ ಸೆಕೆಂಡ್ ಲ್ಯಾಂಗ್ವೇಜು. ಪರೀಕ್ಷೆಗೆ ವಚನ ಬಾಯಿಪಾಠ ಮಾಡಿದ್ವಿ, ಭಾವಾರ್ಥ ಬರೆದ್ವಿ, ಮಾರ್ಕ್ಸ್ ತಗೊಂಡ್ವಿ, ಮರೆತ್ವಿ. ಬಸವ ಜಯಂತಿ ಅಂದ್ರೆ ಒಂದು ರಜೆ, ಅಷ್ಟೇ.

ಹಾಗಿದ್ರೆ ಈಗ ಯಾಕೆ ಬಸವಣ್ಣನವರ ಬಗ್ಗೆ ಬರೀತಿದ್ದೀವಿ? ಕಾರಣ ಒಬ್ಬ ಅಜ್ಜಿ.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಕಡೆಯಿಂದ ಕಾಲೇಜಿಗೆ ಬರೋ ನಾವು ಹತ್ತು ಹನ್ನೆರಡು ಜನ ಸೇರಿ, ಹೋದ ವರ್ಷದಿಂದ ಭಾನುವಾರ ಅಡುಗೆ ಮಾಡಿ ಹಂಚೋಕೆ ಶುರು ಮಾಡಿದ್ವಿ. ಟ್ರಸ್ಟು, ರಿಜಿಸ್ಟ್ರೇಷನ್ನು ಏನೂ ಇಲ್ಲ. ಒಬ್ಬ ಗೆಳೆಯನ ಮನೆ ಮಹಡಿ ಮೇಲೆ ಒಲೆ, ಬಾಡಿಗೆ ಪಾತ್ರೆ, ಎಲ್ಲರೂ ಪಾಕೆಟ್ ಮನಿಯಿಂದ ಹಾಕಿದ ದುಡ್ಡು. ಕೆಂಗೇರಿ ಕಡೆ ಕಟ್ಟಡ ಕೆಲಸದವರ ಶೆಡ್ಡುಗಳಿವೆ. ಅಲ್ಲಿಗೆ ಅನ್ನ ಸಾಂಬಾರ್ ತಗೊಂಡು ಹೋಗಿ ಬಡಿಸಿ ಬರ್ತಿದ್ವಿ. ಒಂದು ಭಾನುವಾರ ಸಾಂಬಾರ್ ನೀರಾಗಿತ್ತು, ಅನ್ನ ಸ್ವಲ್ಪ ಅರ್ಧಂಬರ್ಧ ಬೆಂದಿತ್ತು. ಪರವಾಗಿಲ್ಲ, ಹಂಚೋಕೆ ತಾನೇ ಅಂತ ಹೊರಟ್ವಿ. ಎಲ್ಲ ಮುಗಿದ ಮೇಲೆ ಅಲ್ಲಿದ್ದ ಅಜ್ಜಿ ಒಬ್ಬರು ನೀವು ಊಟ ಮಾಡಿದ್ರಾ ಅಂತ ಕೇಳಿದರು. ಇಲ್ಲ ಅಜ್ಜಿ, ದಾರೀಲಿ ಹೋಟೆಲಿನಲ್ಲಿ ತಿಂತೀವಿ ಅಂದ್ವಿ. ಇದನ್ನೇ ಯಾಕೆ ತಿನ್ನಬಾರದು ಅಂತ ಕೇಳಿದರು. ಬೇಜಾರಿಂದ ಕೇಳಿದ್ದಲ್ಲ, ಸುಮ್ನೆ ಕೇಳಿದ್ದು. ನಮ್ಮ ಹತ್ರ ಉತ್ತರ ಇರಲಿಲ್ಲ.

ಅದೇ ವಾರ ಇನ್ನೊಂದು ಗಲಾಟೆ. ಮೂರು ತಿಂಗಳ ಲೆಕ್ಕ ನೋಡಿದಾಗ 2,300 ರೂಪಾಯಿ ಉಳಿದಿತ್ತು. ಅದರಲ್ಲಿ ಎಲ್ಲರಿಗೂ ಒಂದೇ ತರಹದ ಟೀ ಶರ್ಟ್ ಮಾಡಿಸೋಣ ಅಂತ ಅರ್ಧ ಜನ, ಬೇಡ ಅಂತ ಅರ್ಧ ಜನ. ವಾಟ್ಸಾಪ್ ಗ್ರೂಪಿನಲ್ಲಿ ಜಗಳ. ಈ ಎರಡೂ ವಿಷಯ ಮನೇಲಿ ಹೇಳಿದಾಗ ನಮ್ಮ ತಾತ, ಆಯ್ದಕ್ಕಿ ಲಕ್ಕಮ್ಮನ ಕಥೆ ಗೊತ್ತೇನೋ ಅಂತ ಕೇಳಿದರು. ಗೊತ್ತಿರಲಿಲ್ಲ. ಆ ಕಥೆ ಹುಡುಕಿಕೊಂಡು ಹೋದವರು ಬಸವಣ್ಣನವರ ಇಡೀ ಬದುಕನ್ನೇ ಓದಬೇಕಾಯಿತು. ಓದಿದ್ದನ್ನು ಇಲ್ಲಿ ಬರೆದಿದ್ದೀವಿ. ವಚನಗಳನ್ನು ಇಲ್ಲಿ ಹಾಕಿಲ್ಲ. ಅವು ನಿಮ್ಮ ಹೈಸ್ಕೂಲ್ ಪುಸ್ತಕದಲ್ಲೇ ಇವೆ, ಇನ್ನೊಮ್ಮೆ ತೆಗೆದು ನೋಡಿ.

ಬಾಗೇವಾಡಿಯ ಹುಡುಗ

ಇವತ್ತಿನ ವಿಜಯಪುರ ಜಿಲ್ಲೆಯಲ್ಲಿ ಬಸವನ ಬಾಗೇವಾಡಿ ಅಂತ ಊರಿದೆ. ಹನ್ನೆರಡನೇ ಶತಮಾನದಲ್ಲಿ ಅದು ಒಂದು ಅಗ್ರಹಾರ, ಅಂದರೆ ಬ್ರಾಹ್ಮಣರಿಗೆ ಬಿಟ್ಟುಕೊಟ್ಟ ಊರು. ಅಲ್ಲಿನ ಮಾದರಸ, ಮಾದಲಾಂಬಿಕೆ ಅವರ ಮಗ ಬಸವ. ಹುಟ್ಟಿದ ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತ ಇಲ್ಲ. 1131, 1134 ಅನ್ನೋ ವರ್ಷಗಳು ಪುಸ್ತಕಗಳಲ್ಲಿ ಹೆಚ್ಚು ಕಾಣಿಸುತ್ತವೆ. ತಿಥಿ ಮಾತ್ರ ಎಲ್ಲರಿಗೂ ಗೊತ್ತು, ವೈಶಾಖದ ಅಕ್ಷಯ ತೃತೀಯ. ಅಕ್ಕನ ಹೆಸರು ನಾಗಮ್ಮ. ಮುಂದೆ ಕಲ್ಯಾಣದಲ್ಲಿ ದೊಡ್ಡ ಹೆಸರಾದ ಚೆನ್ನಬಸವಣ್ಣ ಈ ಅಕ್ಕನಾಗಮ್ಮನ ಮಗ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಬಸವಣ್ಣನವರ ಬದುಕಿನ ಕಥೆ ನಮಗೆ ಸಿಕ್ಕಿರೋದು ಹೆಚ್ಚಾಗಿ ಕವಿಗಳಿಂದ. ಅವರ ನಂತರ ಕೆಲವೇ ದಶಕಗಳಲ್ಲಿ ಹಂಪೆಯ ಹರಿಹರ ಬರೆದ ಬಸವರಾಜದೇವರ ರಗಳೆ, ತೆಲುಗಿನಲ್ಲಿ ಪಾಲ್ಕುರಿಕೆ ಸೋಮನಾಥ ಬರೆದ ಬಸವ ಪುರಾಣ, ಅದನ್ನು ಹಿಡಿದು 1369ರಲ್ಲಿ ಭೀಮಕವಿ ಕನ್ನಡದಲ್ಲಿ ಬರೆದ ಬಸವ ಪುರಾಣ. ಇವುಗಳಲ್ಲಿ ಚರಿತ್ರೆಯೂ ಇದೆ, ಪವಾಡವೂ ಇದೆ. ಹಾಗಂತ ಎಲ್ಲಾ ಕಟ್ಟುಕಥೆ ಅಂದುಕೊಳ್ಳಬೇಡಿ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಒಂದು ಶಾಸನ ಸಿಕ್ಕಿದೆ. ಅದರಲ್ಲಿ ಬಾಗೇವಾಡಿಯ ಮಾದಿರಾಜನ ಮಗ ಬಸವ ಅಂತ ಕಲ್ಲಿನ ಮೇಲೆ ಕೆತ್ತಿದ್ದಾರೆ.

ಹರಿಹರನ ಪ್ರಕಾರ ಬಸವ ಚಿಕ್ಕವನಿದ್ದಾಗಲೇ ತಂದೆ ತಾಯಿ ತೀರಿಕೊಂಡರು, ಬೆಳೆಸಿದ್ದು ಅಜ್ಜಿ. ಉಪನಯನ ಆಯಿತು. ಆದರೆ ಹದಿನಾರು ವರ್ಷಕ್ಕೆ ಆ ಹುಡುಗ ಜನಿವಾರ ತೆಗೆದುಹಾಕಿ ಊರು ಬಿಟ್ಟ. ಭೀಮಕವಿ ಇದನ್ನೇ ಬೇರೆ ತರಹ ಹೇಳ್ತಾನೆ. ಅಲ್ಲಿ ಎಂಟು ವರ್ಷದ ಹುಡುಗ ಉಪನಯನವೇ ಬೇಡ ಅಂತ ಹಟ ಹಿಡೀತಾನೆ. ಯಾವುದೇ ಆಗಲಿ, ವಿಷಯ ಒಂದೇ. ಹುಟ್ಟಿನಿಂದ ಬಂದ ದೊಡ್ಡಸ್ತಿಕೆಯನ್ನು ತಾನಾಗೇ ಬಿಟ್ಟುಕೊಟ್ಟಿದ್ದು. ಹದಿನಾರು ಅಂದರೆ ನಾವು ಫಸ್ಟ್ ಪಿಯುಸಿ. ಆ ವಯಸ್ಸಲ್ಲಿ ನಾವು ಬಿಟ್ಟಿದ್ದು ಕ್ರಿಕೆಟ್ ಕೋಚಿಂಗ್ ಒಂದೇ.

ಎರಡು ನದಿ ಕೂಡೋ ಜಾಗ

ಊರು ಬಿಟ್ಟು ಹೋಗಿದ್ದು ಕೂಡಲಸಂಗಮಕ್ಕೆ. ಕೃಷ್ಣಾ, ಮಲಪ್ರಭಾ ನದಿಗಳು ಸೇರೋ ಜಾಗ, ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿ ಸಂಗಮನಾಥನ ಗುಡಿ, ಓದಿಸೋ ಗುರುಗಳು. ಬಸವಣ್ಣನವರು ಅಲ್ಲಿ ವರ್ಷಗಟ್ಟಲೆ ಇದ್ದರು. ಹೂವು ತರೋದು, ಪೂಜೆ, ಓದು. ಮುಂದೆ ಬರೆದ ವಚನಗಳಿಗೆಲ್ಲ ಇದೇ ಊರಿನ ದೇವರ ಹೆಸರೇ ಅಂಕಿತವಾಯಿತು.

ಅಲ್ಲೇ ಇದ್ದುಬಿಟ್ಟಿದ್ದರೆ ಒಬ್ಬ ಒಳ್ಳೆ ಪೂಜಾರಿ ಆಗಿರ್ತಿದ್ದರೇನೋ. ಆದರೆ ಹರಿಹರ ಹೇಳೋ ಕಥೆಯಲ್ಲಿ ದೇವರೇ ಕನಸಿನಲ್ಲಿ ಬಂದು ಮಂಗಳವಾಡಕ್ಕೆ ಹೋಗು ಅಂತಾನೆ. ಬಸವಣ್ಣನವರಿಗೆ ಇಷ್ಟ ಇಲ್ಲ. ಅತ್ತರು, ಬೇಡಿಕೊಂಡರು. ಆಮೇಲೆ ಹೊರಟರು. ಈ ಭಾಗ ಓದಿದಾಗ ನಮಗೆ ಇಷ್ಟವಾಗಿದ್ದು ಆ ಹಿಂಜರಿಕೆ. ದೊಡ್ಡವರು ಎಲ್ಲವನ್ನೂ ಮೊದಲೇ ತಿಳಿದುಕೊಂಡು ಗತ್ತಿನಿಂದ ನಡೆದು ಹೋಗ್ತಾರೆ ಅಂದುಕೊಂಡಿದ್ವಿ. ಇಲ್ಲಿ ಹಾಗಿಲ್ಲ.

ಲೆಕ್ಕ ಬರೆಯೋ ಕೆಲಸ

ಮಂಗಳವಾಡ ಅಂದರೆ ಇವತ್ತು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿರೋ ಮಂಗಳವೇಢೆ. ಆಗ ಅಲ್ಲಿ ಕಳಚುರಿ ವಂಶದ ಬಿಜ್ಜಳ ಇದ್ದ. ಕಲ್ಯಾಣದ ಚಾಲುಕ್ಯರ ಕೈಕೆಳಗಿನ ಸಾಮಂತ. ಬಸವಣ್ಣನವರಿಗೆ ಅಲ್ಲಿ ಸಿಕ್ಕ ಮೊದಲ ಕೆಲಸ ಕರಣಿಕನದ್ದು, ಅಂದರೆ ಅಕೌಂಟೆಂಟ್. ಕಥೆ ಹೀಗಿದೆ: ಭಂಡಾರದಲ್ಲಿ ಕರಣಿಕರು ಲೆಕ್ಕ ಬರೀತಿದ್ದಾಗ ಅಲ್ಲಿ ಕೂತಿದ್ದ ಬಸವಣ್ಣನವರು ಅದರಲ್ಲಿ ಒಂದು ತಪ್ಪು ಹಿಡಿದರು. ಅದನ್ನು ನೋಡಿ ಅಧಿಕಾರಿ ಕೆಲಸ ಕೊಟ್ಟ.

ನಮ್ಮ ಇಂಜಿನಿಯರಿಂಗ್ ಮನಸ್ಸಿಗೆ ಇದು ತುಂಬಾ ಹಿಡಿಸಿತು. ಭಕ್ತಿ ಭಂಡಾರಿ ಅನ್ನೋ ಬಿರುದು ಎಲ್ಲರಿಗೂ ಗೊತ್ತು. ಅದರಲ್ಲಿರೋ ಭಂಡಾರಿ ಅನ್ನೋ ಪದ ಬರೀ ಅಲಂಕಾರ ಅಲ್ಲ, ಅದು ಅವರ ಹುದ್ದೆ. ದಿನಾ ದುಡ್ಡು ಎಣಿಸಿ, ಬಂದಿದ್ದೆಷ್ಟು ಹೋಗಿದ್ದೆಷ್ಟು ಅಂತ ಬರೆದಿಟ್ಟು, ಸಂಜೆ ತಾಳೆ ನೋಡಿದ ಮನುಷ್ಯ. ಮುಂದೆ ಸಾವಿರಾರು ಜನಕ್ಕೆ ಊಟ ಹಾಕೋ ವ್ಯವಸ್ಥೆ ಕಟ್ಟಿದ್ದು ಈ ಲೆಕ್ಕದ ಮನುಷ್ಯನೇ. ಒಳ್ಳೆ ಮನಸ್ಸಿದ್ದರೆ ಸಾಕು, ಲೆಕ್ಕ ಯಾಕೆ ಅನ್ನೋರು ನಮ್ಮ ಗ್ರೂಪಿನಲ್ಲೂ ಇದ್ದಾರೆ. ಅವರು ದಯವಿಟ್ಟು ಇದನ್ನು ಗಮನಿಸಬೇಕು.

1157ರ ಸುಮಾರಿಗೆ ಬಿಜ್ಜಳ ಚಾಲುಕ್ಯ ದೊರೆ ಮೂರನೇ ತೈಲಪನನ್ನು ಬದಿಗೊತ್ತಿ ಕಲ್ಯಾಣವನ್ನು ಕೈಗೆ ತಗೊಂಡ. 1162ರ ಹೊತ್ತಿಗೆ ತಾನೇ ಚಕ್ರವರ್ತಿ ಅಂತ ಘೋಷಿಸಿಕೊಂಡ. ಕಲ್ಯಾಣ ಅಂದರೆ ಈಗಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಸವಣ್ಣನವರೂ ಅಲ್ಲಿಗೆ ಹೋದರು, ಭಂಡಾರದ ದೊಡ್ಡ ಅಧಿಕಾರಿಯಾದರು. ಗಂಗಾಂಬಿಕೆ, ನೀಲಾಂಬಿಕೆ ಅವರ ಹೆಂಡತಿಯರು. ಅವರು ಇದ್ದ ಮನೆಯೇ ಮಹಾಮನೆ.

ಮಹಾಮನೆ

ಮಹಾಮನೆಯಲ್ಲಿ ಏನಾಗ್ತಿತ್ತು ಅಂತ ಒಂದೇ ಸಾಲಲ್ಲಿ ಹೇಳಬೇಕಂದ್ರೆ, ಜನ ಬರ್ತಿದ್ರು, ಮಾತಾಡ್ತಿದ್ರು, ಒಟ್ಟಿಗೆ ಕೂತು ಊಟ ಮಾಡ್ತಿದ್ರು. ಇವತ್ತು ಇದರಲ್ಲಿ ಏನು ವಿಶೇಷ ಅನ್ನಿಸಬಹುದು. ಆದರೆ ಬಂದವರ ಪಟ್ಟಿ ನೋಡಿ. ಬಟ್ಟೆ ಮಡಿ ಮಾಡೋ ಮಡಿವಾಳ ಮಾಚಯ್ಯ. ದೋಣಿ ನಡೆಸೋ ಅಂಬಿಗರ ಚೌಡಯ್ಯ. ಚರ್ಮ ಹದ ಮಾಡೋ ಡೋಹರ ಕಕ್ಕಯ್ಯ. ಚಪ್ಪಲಿ ಹೊಲಿಯೋ ಹರಳಯ್ಯ. ಹಗ್ಗ ಹೊಸೆಯೋ ನುಲಿಯ ಚಂದಯ್ಯ. ಸೌದೆ ಮಾರೋ ಮೋಳಿಗೆಯ ಮಾರಯ್ಯ. ಬ್ರಾಹ್ಮಣರಾಗಿದ್ದ ಮಧುವರಸ. ಜೊತೆಗೆ ಅಲ್ಲಮಪ್ರಭು, ಅಕ್ಕಮಹಾದೇವಿ. ಇವರೆಲ್ಲ ಒಂದೇ ಪಂಕ್ತಿಯಲ್ಲಿ. ಯಾರ ಕೈಯ ನೀರು ಯಾರು ಮುಟ್ಟಬಾರದು ಅಂತ ಹುಟ್ಟಿನಿಂದಲೇ ನಿರ್ಧಾರ ಆಗ್ತಿದ್ದ ಕಾಲದಲ್ಲಿ, ಒಂದೇ ಸಾಲಿನಲ್ಲಿ ಕೂತು ಉಣ್ಣೋದೇ ದೊಡ್ಡ ಸುದ್ದಿ.

ಈ ಊಟಕ್ಕೆ ಅವರು ಇಟ್ಟ ಹೆಸರು ದಾಸೋಹ. ನಾವು ಇಷ್ಟು ದಿನ ದಾಸೋಹ ಅಂದರೆ ಫ್ರೀ ಊಟ ಅಂದುಕೊಂಡಿದ್ವಿ. ಆ ಪದದ ಒಳಗೆ ಇರೋದು ನಾನು ದಾಸ ಅನ್ನೋ ಭಾವ. ದಾನದಲ್ಲಿ ಕೊಡೋ ಕೈ ಮೇಲೆ, ತಗೊಳ್ಳೋ ಕೈ ಕೆಳಗೆ. ದಾಸೋಹದಲ್ಲಿ ಉಲ್ಟಾ. ಬಡಿಸೋನು ಸೇವಕ, ಉಣ್ಣೋರು ಅವನಿಗಿಂತ ದೊಡ್ಡವರು. ಅವರು ಬಂದು ಉಂಡಿದ್ದಕ್ಕೆ ಬಡಿಸಿದವನೇ ಋಣಿ. ಹೀಗೆ ನೋಡಿದರೆ ನಮ್ಮ ನೀರು ಸಾಂಬಾರ್ ದಾಸೋಹ ಅಂತೂ ಅಲ್ಲ, ದಾನವೂ ಹೌದೋ ಅಲ್ವೋ ಗೊತ್ತಿಲ್ಲ.

ಇದರ ಇನ್ನೊಂದು ಅರ್ಧ ಕಾಯಕ. ಯಾವ ಕೆಲಸವೂ ಕೀಳಲ್ಲ, ಪ್ರತಿಯೊಬ್ಬರೂ ದುಡಿಯಬೇಕು, ದುಡಿದಿದ್ದರಲ್ಲಿ ತನಗೆ ಬೇಕಾದಷ್ಟು ಇಟ್ಟುಕೊಂಡು ಉಳಿದಿದ್ದನ್ನು ಎಲ್ಲರ ಊಟಕ್ಕೆ ಕೊಡಬೇಕು. ಎರಡೂ ಒಂದಕ್ಕೊಂದು ಕೊಂಡಿ. ಕಾಯಕ ಇಲ್ಲದೆ ದಾಸೋಹಕ್ಕೆ ಅಕ್ಕಿ ಎಲ್ಲಿಂದ ಬರುತ್ತೆ? ದಾಸೋಹ ಇಲ್ಲದೆ ಕಾಯಕ ಬರೀ ಸಂಬಳ.

ಪುರಾಣಗಳ ಲೆಕ್ಕದಲ್ಲಿ ಕಲ್ಯಾಣದಲ್ಲಿ ಇದ್ದ ಜಂಗಮರ ಸಂಖ್ಯೆ 1,96,000. ನಾವು ಸುಮ್ಮನಿರೋಕಾಗದೆ ಕ್ಯಾಲ್ಕುಲೇಟರ್ ತೆಗೆದ್ವಿ. ಒಬ್ಬರಿಗೆ ಒಂದು ಹೊತ್ತಿಗೆ 150 ಗ್ರಾಂ ಅಕ್ಕಿ ಅಂದರೂ 29,400 ಕೆಜಿ. ಈಗಿನ 25 ಕೆಜಿ ಮೂಟೆಯಲ್ಲಿ 1,176 ಮೂಟೆ, ಅದೂ ಒಂದು ಹೊತ್ತಿಗೆ. ಆ ಸಂಖ್ಯೆ ಎಣಿಸಿ ಬರೆದ ಸಂಖ್ಯೆ ಅಲ್ಲ, ಬಹಳ ಬಹಳ ಜನ ಅಂತ ಹೇಳೋ ಪುರಾಣದ ರೀತಿ ಅಂತ ನಮಗೆ ಅನ್ಸುತ್ತೆ. ಆದರೆ ಅದರ ನೂರನೇ ಒಂದು ಭಾಗ ಇಟ್ಟುಕೊಂಡರೂ ಒಂದು ಹೊತ್ತಿಗೆ ಸುಮಾರು 12 ಮೂಟೆ. ಅರವತ್ತು ಜನಕ್ಕೆ ಅನ್ನ ಬೇಯಿಸೋಕೆ ಹೋಗಿ ತಳ ಹಿಡಿಸಿಕೊಂಡ ನಮಗೆ ಇದು ಎಂಥಾ ಕೆಲಸ ಅಂತ ಈಗ ಗೊತ್ತು. ಅಡುಗೆಮನೆ ಯಾರೋ ನಡೆಸಬೇಕಲ್ವಾ? ಗಂಗಾಂಬಿಕೆ, ನೀಲಾಂಬಿಕೆ, ಅಕ್ಕನಾಗಮ್ಮ ಇವರೆಲ್ಲ ದಾಸೋಹಕ್ಕೆ ಹೆಗಲು ಕೊಟ್ಟರು ಅಂತ ಪರಂಪರೆ ಹೇಳುತ್ತೆ. ಪ್ರತಿಮೆ ಆಗೋದು ಕುದುರೆ ಮೇಲೆ ಕೂತವರದ್ದು, ಒಲೆ ಮುಂದೆ ಕೂತವರದ್ದಲ್ಲ.

ಈರುಳ್ಳಿ ಹಬ್ಬ

ಬಸವಣ್ಣನವರೇ ತಪ್ಪು ಮಾಡಿದ ಒಂದು ಕಥೆ ಇದೆ, ನಮಗೆ ತುಂಬಾ ಇಷ್ಟ. ಕಿನ್ನರಿ ನುಡಿಸೋ ಬೊಮ್ಮಯ್ಯ ಅಂತ ಒಬ್ಬ ಶರಣರಿದ್ದರು. ಅವರಿಗೆ ಈರುಳ್ಳಿ ಅಂದರೆ ಪ್ರೀತಿ. ಒಂದು ದಿನ ಬಸವಣ್ಣನವರು ಈರುಳ್ಳಿ ವಾಸನೆ ಬಗ್ಗೆ ಹಗುರವಾಗಿ ಮಾತಾಡಿಬಿಟ್ಟರು. ಬೊಮ್ಮಯ್ಯನವರಿಗೆ ನೋವಾಯಿತು. ತಾನು ದೇವರಿಗೆ ಅರ್ಪಿಸಿ ತಿನ್ನೋ ಪದಾರ್ಥವನ್ನು ಹೀಗೆ ಹಳಿದ ಮೇಲೆ ಇಲ್ಲಿ ಇರೋದು ಬೇಡ ಅಂತ ಮುನಿಸಿಕೊಂಡು ಹೊರಟರು. ಬಸವಣ್ಣನವರಿಗೆ ತಪ್ಪು ಅರಿವಾಯಿತು. ಬರೀ ಸಾರಿ ಕೇಳಿ ಸುಮ್ಮನಾಗಲಿಲ್ಲ. ಊರಲ್ಲಿ ಈರುಳ್ಳಿ ತರಿಸಿ, ಅದನ್ನೇ ಒಂದು ಹಬ್ಬದ ಹಾಗೆ ಮಾಡಿ, ಬೊಮ್ಮಯ್ಯನವರನ್ನು ವಾಪಸ್ ಕರ್ಕೊಂಡು ಬಂದರು.

ಇನ್ನೊಬ್ಬರ ಊಟವನ್ನು ನೋಡಿ ಮೂಗು ಮುಚ್ಚಿಕೊಳ್ಳೋದು ಹಾಸ್ಟೆಲಿನಲ್ಲಿ ನಾವು ದಿನಾ ನೋಡೋ ವಿಷಯ. ಊಟದ ಮೇಲೆ ಆಡಿದ ಮಾತು ಮನುಷ್ಯನ ಮೇಲೆ ಆಡಿದ ಮಾತೇ. ಅದನ್ನು ಸರಿ ಮಾಡೋಕೆ ಒಂದು ರಾಜ್ಯದ ಭಂಡಾರಿ ಈರುಳ್ಳಿಗೆ ಹಬ್ಬ ಮಾಡಿದ ಅನ್ನೋದು ಎಂಟುನೂರು ವರ್ಷ ಜನ ನೆನಪಿಟ್ಟುಕೊಂಡ ವಿಷಯ.

ಆಯ್ದಕ್ಕಿ

ಈಗ ತಾತ ಹೇಳಿದ ಕಥೆ. ರಾಯಚೂರು ಜಿಲ್ಲೆಯ ಅಮರೇಶ್ವರದ ಕಡೆಯಿಂದ ಮಾರಯ್ಯ, ಲಕ್ಕಮ್ಮ ಅನ್ನೋ ದಂಪತಿ ಕಲ್ಯಾಣಕ್ಕೆ ಬಂದರು. ಮಾರಯ್ಯನವರ ಕಾಯಕ ಏನು ಗೊತ್ತಾ? ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಕಾಳು ಆಯ್ದು ತರೋದು. ಅದಕ್ಕೇ ಆಯ್ದಕ್ಕಿ ಅಂತ ಹೆಸರು. ಆ ಅಕ್ಕಿಯಲ್ಲಿ ಲಕ್ಕಮ್ಮ ಅಡುಗೆ ಮಾಡಿ, ಮನೆಗೆ ಬಂದ ಜಂಗಮರಿಗೆ ಬಡಿಸಿ, ಆಮೇಲೆ ಇಬ್ಬರೂ ಉಣ್ತಿದ್ದರು. ಯೋಚನೆ ಮಾಡಿ. ಬೇರೆಯವರ ಮನೆ ಮುಂದೆ ಬಿದ್ದ ಕಾಳು ಆರಿಸೋ ಮನೆಯಲ್ಲೂ ದಾಸೋಹ ನಡೀತಿತ್ತು. ತಗೊಳ್ಳೋರು ಬೇರೆ, ಕೊಡೋರು ಬೇರೆ ಅನ್ನೋ ಗೆರೆಯೇ ಅಲ್ಲಿ ಇರಲಿಲ್ಲ.

ಒಂದು ದಿನ ಮಾರಯ್ಯ ದಿನಕ್ಕಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ನೋಡಿದರು. ಸಂತೋಷ ಪಡಲಿಲ್ಲ. ಇಷ್ಟು ಯಾಕೆ, ನಮಗೆ ದಿನಾ ಬೇಕಾಗೋದು ಎಷ್ಟು, ಈ ಆಸೆ ಯಾರದ್ದು ಅಂತ ಕೇಳಿದರು. ಬಡವರಿಗೆ ಆಸೆ ಇರಬಾರದು ಅಂತಲ್ಲ, ಮನಸ್ಸು ಬಡವಾಗಬಾರದು ಅನ್ನೋದು ಅವರ ಮಾತಿನ ತಾತ್ಪರ್ಯ. ಹೆಚ್ಚಿನ ಅಕ್ಕಿಯನ್ನು ಎಲ್ಲಿಂದ ತಂದಿರೋ ಅಲ್ಲೇ ಹಾಕಿ ಬನ್ನಿ ಅಂತ ಗಂಡನನ್ನು ವಾಪಸ್ ಕಳಿಸಿದರು. ಮಾರಯ್ಯ ಹೋಗಿ ಹಾಕಿ ಬಂದರು.

ಮೋಳಿಗೆಯ ಮಾರಯ್ಯನವರದ್ದೂ ಇಂಥದ್ದೇ ಕಥೆ. ಅವರು ಮನೆಯಲ್ಲಿ ಇಲ್ಲದಾಗ ಬಸವಣ್ಣನವರು ಜಂಗಮನ ವೇಷದಲ್ಲಿ ಬಂದು, ಹೆಂಡತಿ ಮಹಾದೇವಿ ಬಡಿಸಿದ ಅಂಬಲಿ ಕುಡಿದು, ಈ ಬಡತನ ನೋಡಲಾರದೆ ಹೊನ್ನಿನ ಗಂಟು ಗುಟ್ಟಾಗಿ ಇಟ್ಟು ಹೋದರಂತೆ. ಮಾರಯ್ಯ ಬಂದು ನೋಡಿ, ಇದು ನನ್ನ ಕಾಯಕದ್ದಲ್ಲ ಅಂತ ಜಂಗಮರಿಗೆ ಕೊಟ್ಟುಬಿಟ್ಟರು. ಸಹಾಯ ಮಾಡೋಕೆ ಹೋದ ಬಸವಣ್ಣನವರೇ ಇಲ್ಲಿ ಪಾಠ ಕಲಿತು ಬಂದರು. ಎದುರಿಗಿರೋರಿಗೆ ಏನು ಬೇಕು ಅಂತ ಕೇಳದೆ, ನಾವೇ ಅಂದಾಜು ಮಾಡಿ ಕೊಟ್ಟರೆ, ಎಷ್ಟೇ ಪ್ರೀತಿ ಇದ್ದರೂ ಅದು ಅವರ ಮರ್ಯಾದೆಗೆ ತಾಗಬಹುದು.

ನಮ್ಮ ಗುಂಪಿನ 2,300 ರೂಪಾಯಿ ಕಥೆ ನೆನಪಿದೆಯಲ್ವಾ? ಆ ರಾತ್ರಿ ಲಕ್ಕಮ್ಮನ ಕಥೆ ಟೈಪ್ ಮಾಡಿ ಗ್ರೂಪಿಗೆ ಹಾಕಿದ್ವಿ. ಟೀ ಶರ್ಟ್ ಬಗ್ಗೆ ಆಮೇಲೆ ಯಾರೂ ಮಾತಾಡಲಿಲ್ಲ.

ಆಡಿಟ್

ಇಷ್ಟೆಲ್ಲ ನಡೆಯೋವಾಗ ಊರಿನ ದೊಡ್ಡವರು ಸುಮ್ಮನಿರ್ತಾರಾ? ಬಿಜ್ಜಳನ ಹತ್ತಿರ ದೂರು ಹೋಯಿತು. ಒಂದು ದೂರು ದುಡ್ಡಿನದ್ದು. ಬಸವಣ್ಣ ರಾಜ್ಯದ ಭಂಡಾರದ ಹಣವನ್ನು ತನ್ನ ಮನೆಯ ಊಟಕ್ಕೆ ಸುರೀತಿದ್ದಾನೆ ಅಂತ. ಭಂಡಾರ ಪರೀಕ್ಷೆ ಮಾಡಿಸಿದರು. ಒಂದು ಕಾಸೂ ಕಡಿಮೆ ಇರಲಿಲ್ಲ ಅಂತ ಕಥೆಗಳೆಲ್ಲ ಹೇಳ್ತವೆ. ಪುರಾಣದವರು ಅದಕ್ಕೆ ಪವಾಡದ ಬಣ್ಣ ಕೊಟ್ಟಿದ್ದಾರೆ. ನಮಗೆ ಪವಾಡ ಬೇಕಿಲ್ಲ. ರಾಜ್ಯದ ದುಡ್ಡು ಬೇರೆ, ದಾಸೋಹದ ದುಡ್ಡು ಬೇರೆ ಅಂತ ಪುಸ್ತಕ ಸರಿಯಾಗಿ ಇಟ್ಟಿದ್ದರೆ ಯಾವ ಆಡಿಟರ್ ಬಂದರೂ ಹೆದರಬೇಕಿಲ್ಲ.

ಇನ್ನೊಂದು ದೂರು ಊಟದ್ದೇ. ಅಸ್ಪೃಶ್ಯ ಅಂತ ಊರ ಹೊರಗೆ ಇಟ್ಟಿದ್ದ ಶಿವನಾಗಿದೇವ ಅನ್ನೋ ಶರಣರ ಮನೆಗೆ ಬಸವಣ್ಣನವರು ಹೋದರು. ಅಲ್ಲಿ ಊಟ ಮಾಡಿದರು. ಅಲ್ಲಿಂದ ಬಂದು ಅರಮನೆಗೆ ಕಾಲಿಟ್ಟರು. ಇಡೀ ಅರಮನೆ ಮೈಲಿಗೆ ಆಯಿತು ಅಂತ ಗಲಾಟೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಬಸವಣ್ಣನವರು ಕೆಳಜಾತಿಯವರನ್ನು ಕರೆದು ಊಟ ಹಾಕಿದ್ದಾಗ ಬಂದ ಸಿಟ್ಟಿಗಿಂತ, ತಾವೇ ಅವರ ಮನೆಗೆ ಹೋಗಿ ಉಂಡಾಗ ಬಂದ ಸಿಟ್ಟು ದೊಡ್ಡದು. ಕೊಡೋದನ್ನು ಸಮಾಜ ಹೇಗೋ ಸಹಿಸಿಕೊಳ್ಳುತ್ತೆ. ಅವರ ಕೈಯಿಂದ ತಗೊಂಡು ತಿನ್ನೋದನ್ನು ಸಹಿಸಲ್ಲ. ಕೆಂಗೇರಿಯ ಅಜ್ಜಿ ನಮ್ಮನ್ನು ಕೇಳಿದ್ದೂ ಇದೇ ಪ್ರಶ್ನೆ ಅಂತ ನಮಗೆ ಇದನ್ನು ಓದುವಾಗ ಹೊಳೀತು.

ಕೊನೆಯ ದಿನಗಳು

ಊಟದ ಪಂಕ್ತಿ ಆದಮೇಲೆ ಮದುವೆಯ ಮಾತು ಬರಲೇಬೇಕಲ್ವಾ. ನಂತರದ ಕಥನಗಳು ಹೇಳೋ ಪ್ರಕಾರ ಚಪ್ಪಲಿ ಹೊಲಿಯೋ ಹರಳಯ್ಯನವರ ಮಗನಿಗೂ, ಬ್ರಾಹ್ಮಣರಾಗಿ ಹುಟ್ಟಿದ ಮಧುವರಸರ ಮಗಳಿಗೂ ಮದುವೆಯಾಯಿತು. ಒಟ್ಟಿಗೆ ಉಂಡಿದ್ದನ್ನು ಹೇಗೋ ಸಹಿಸಿದ್ದ ಊರು ಇದನ್ನು ಸಹಿಸಲಿಲ್ಲ. ಬಿಜ್ಜಳ ಹರಳಯ್ಯ, ಮಧುವರಸ ಇಬ್ಬರಿಗೂ ಘೋರ ಶಿಕ್ಷೆ ಕೊಟ್ಟ. ಕಣ್ಣು ಕೀಳಿಸಿದ ಅಂತ ಒಂದು ಕಥೆ, ಆನೆ ಕಾಲಿಗೆ ಕಟ್ಟಿ ಎಳೆಸಿದ ಅಂತ ಇನ್ನೊಂದು. ಕಲ್ಯಾಣ ಹೊತ್ತಿ ಉರೀತು. ಬಿಜ್ಜಳನ ಕೊಲೆಯಾಯಿತು ಅಂತ ಪುರಾಣಗಳು ಹೇಳ್ತವೆ. 1167ರ ಹೊತ್ತಿಗೆ ಅವನ ಆಳ್ವಿಕೆ ಮುಗಿದು ಮಗ ಸೋವಿದೇವ ಪಟ್ಟಕ್ಕೆ ಬಂದಿದ್ದ. ಶರಣರು ದಿಕ್ಕಾಪಾಲಾದರು. ಒಂದು ಗುಂಪು ಚೆನ್ನಬಸವಣ್ಣನವರ ಜೊತೆ ವಚನಗಳ ಓಲೆಗರಿ ಹೊತ್ತುಕೊಂಡು ಉಳವಿಯ ಕಾಡಿನ ಕಡೆ ಹೋಯಿತು.

ಬಸವಣ್ಣನವರು ಅದಕ್ಕೂ ಮೊದಲೇ ಹುದ್ದೆ ಬಿಟ್ಟು ಕಲ್ಯಾಣದಿಂದ ಹೊರಟಿದ್ದರು. ಹೋಗಿದ್ದು ಹದಿನಾರು ವರ್ಷದಲ್ಲಿ ಓಡಿ ಹೋಗಿದ್ದ ಅದೇ ಕೂಡಲಸಂಗಮಕ್ಕೆ. ಅಲ್ಲೇ ಐಕ್ಯರಾದರು. ಮಹಾಮನೆಯಲ್ಲಿ ಅಷ್ಟು ಜನಕ್ಕೆ ಬಡಿಸಿದ ಮನುಷ್ಯ ಕೊನೆಗೆ ಮರಳಿದ್ದು ಎರಡು ನದಿ ಕೂಡೋ ಜಾಗಕ್ಕೆ.

ಸಿವಿಲ್ ಬ್ರಾಂಚಿನವರಿಗೆ ಒಂದು ವಿಷಯ. ಕೃಷ್ಣಾ ನದಿಗೆ ನಾರಾಯಣಪುರದಲ್ಲಿ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಸಂಗಮದ ತನಕ ಬಂತು. ಐಕ್ಯಲಿಂಗ ಇರೋ ಜಾಗ ಮುಳುಗಬಾರದು ಅಂತ ಅದರ ಸುತ್ತ ಎತ್ತರದ ಬಾವಿಯಂಥ ಗೋಡೆ ಕಟ್ಟಿದ್ದಾರೆ. ಸೇತುವೆ ಮೇಲೆ ನಡೆದು ಹೋಗಿ, ಮೆಟ್ಟಿಲು ಇಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹೋಗಿ ನೋಡಬೇಕು. ಆ ಜಲಾಶಯಕ್ಕೆ ಇಟ್ಟ ಹೆಸರು ಬಸವಸಾಗರ.

ಆಮೇಲೆ

ಓಲೆಗರಿಗಳು ಮನೆ, ಮಠಗಳಲ್ಲಿ ಶತಮಾನಗಟ್ಟಲೆ ಪೂಜೆ ಮಾಡಿಸಿಕೊಂಡು ಉಳಿದವು. ಅವನ್ನು ಊರೂರು ತಿರುಗಿ ಹುಡುಕಿ ಅಚ್ಚು ಹಾಕಿಸಿದವರು ವಿಜಯಪುರದ ಫ.ಗು. ಹಳಕಟ್ಟಿ. ವೃತ್ತಿಯಲ್ಲಿ ವಕೀಲರು. 1923ರಲ್ಲಿ ವಚನಶಾಸ್ತ್ರಸಾರ ತಂದರು, 1926ರಲ್ಲಿ ಶಿವಾನುಭವ ಪತ್ರಿಕೆ ಶುರು ಮಾಡಿದರು, ಈ ಕೆಲಸಕ್ಕೆ ಮನೆಯನ್ನೂ ಮಾರಿದರು. ಅವರು ಇಲ್ಲದಿದ್ದರೆ ನಾವು ಹೈಸ್ಕೂಲಲ್ಲಿ ಬಾಯಿಪಾಠ ಮಾಡಿದ್ದರಲ್ಲಿ ಎಷ್ಟು ಉಳೀತಿತ್ತೋ.

ದಾಸೋಹ ಅನ್ನೋದು ಓಲೆಗರಿಯಲ್ಲಿ ಅಲ್ಲ, ಒಲೆಯಲ್ಲಿ ಉಳೀತು. ಮೆಜೆಸ್ಟಿಕ್ ರೈಲ್ವೆ ಸ್ಟೇಷನ್ ಎದುರಿಗೆ ಗುಬ್ಬಿ ತೋಟದಪ್ಪನವರ ಛತ್ರ 1903ರಿಂದ ಇದೆ, ಊರಿಂದ ಓದೋಕೆ ಬಂದ ಎಷ್ಟೋ ಹುಡುಗರು ಅವರು ಕಟ್ಟಿಸಿದ ಹಾಸ್ಟೆಲಿನ ಊಟ ಉಂಡು ಬೆಳೆದರು. ತುಮಕೂರಿನ ಸಿದ್ಧಗಂಗೆಯಲ್ಲಿ ದಿನಾ ಸಾವಿರಾರು ಮಕ್ಕಳು ಒಟ್ಟಿಗೆ ಕೂತು ಊಟ ಮಾಡ್ತಾರೆ, ಯಾವ ಜಾತಿ ಅಂತ ಯಾರೂ ಕೇಳಲ್ಲ. ಅಲ್ಲಿನ ಶಿವಕುಮಾರ ಸ್ವಾಮೀಜಿ 2019ರ ಜನವರಿ 21ರಂದು ತೀರಿಕೊಂಡರು. ಆ ದಿನವನ್ನು ಸರ್ಕಾರ ಈಗ ದಾಸೋಹ ದಿನ ಅಂತ ಆಚರಿಸುತ್ತೆ. 2024ರಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕ ಅಂತಲೂ ಘೋಷಿಸಿದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲೂ ಅವರ ಪ್ರತಿಮೆ ಇದೆ.

ನಮ್ಮ ಕಡೆಯಿಂದ ಆಗಿದ್ದು ಇಷ್ಟು. ಉಳಿದ 2,300 ರೂಪಾಯಿ ಮುಂದಿನ ವಾರದ ಅಕ್ಕಿಗೆ ಹೋಯಿತು. ಪ್ರತಿ ಭಾನುವಾರ ರಾತ್ರಿ ಬಂದಿದ್ದೆಷ್ಟು, ಖರ್ಚೆಷ್ಟು ಅಂತ ಗ್ರೂಪಿಗೆ ಹಾಕ್ತೀವಿ. ಹೋಗೋ ಮೊದಲೇ ಫೋನ್ ಮಾಡಿ ಎಷ್ಟು ಜನಕ್ಕೆ ಬೇಕು, ಏನು ಬೇಕು ಅಂತ ಕೇಳ್ತೀವಿ. ಒಂದು ಸಲ ಅನ್ನ ಬೇಡ, ರೊಟ್ಟಿ ಇದ್ದರೆ ತನ್ನಿ ಅಂದರು. ನಮಗೆ ರೊಟ್ಟಿ ತಟ್ಟೋಕೆ ಬರಲ್ಲ ಅಂದಾಗ, ಹಿಟ್ಟು ತನ್ನಿ ಸಾಕು, ನಾವೇ ಮಾಡ್ತೀವಿ ಅಂದರು. ಅವತ್ತು ಅಲ್ಲಿನ ಅಮ್ಮಂದಿರು ರೊಟ್ಟಿ ತಟ್ಟಿದರು, ನಾವು ಕೂತು ಉಂಡ್ವಿ. ಪ್ರಶ್ನೆ ಕೇಳಿದ್ದ ಅಜ್ಜಿ ನಮ್ಮ ತಟ್ಟೆಗೆ ಎರಡೆರಡು ಹಾಕಿದರು.

ಎಲ್ಲಾ ಸರಿಹೋಯಿತು ಅಂತ ಬರೆದರೆ ಸುಳ್ಳಾಗುತ್ತೆ. ನಮ್ಮಲ್ಲೇ ಇಬ್ಬರು ಇನ್ನೂ ಅಲ್ಲಿ ಕೂತು ಉಣ್ಣಲ್ಲ. ಅಡುಗೆಗೆ ಬರ್ತಾರೆ, ಬಡಿಸ್ತಾರೆ, ಊಟದ ಹೊತ್ತಿಗೆ ಮನೇಲಿ ಒಪ್ಪಲ್ಲ ಅಂತ ಪಕ್ಕಕ್ಕೆ ಹೋಗಿ ನಿಲ್ತಾರೆ. ಅವರ ಜೊತೆ ಜಗಳ ಆಡಿಲ್ಲ, ಆದರೆ ಅದರ ಬಗ್ಗೆ ಮಾತಾಡೋ ಧೈರ್ಯವೂ ನಮಗೆ ಇನ್ನೂ ಬಂದಿಲ್ಲ. ಈ ಲೇಖನವನ್ನು ಅವರೂ ಓದ್ತಾರೆ ಅಂತ ಗೊತ್ತಿದ್ದೇ ಬರೆದಿದ್ದೀವಿ.

ಬರೋ ಭಾನುವಾರ ಬೆಳಗ್ಗೆ ಏಳಕ್ಕೆ ತರಕಾರಿ ಹೆಚ್ಚೋಕೆ ಕೈ ಬೇಕು. ಬರೋರು ಕನ್ನಡ ಸಂಘದವರ ಹತ್ತಿರ ಹೆಸರು ಹೇಳಿ. ಈರುಳ್ಳಿ ವಾಸನೆ ಆಗಲ್ಲ ಅನ್ನೋರೂ ಬನ್ನಿ, ನಿಮಗೆ ಬೇರೆ ಕೆಲಸ ಕೊಡ್ತೀವಿ. ಊಟ ಮಾತ್ರ ಎಲ್ಲರಿಗೂ ಅಲ್ಲೇ, ಒಟ್ಟಿಗೆ.